ತೇನ್ಮೊಳಿಯ ಒಂದು ನಿಮಿಷ

ಕೊಯಮತ್ತೂರು
15 ಜೂನ್ 2023

ಸುಡರ್,

ಫೆಬ್ರವರಿಯ ನಂತರ ಇದೇ ಮೊದಲು ನಿನಗೆ ಬರೆಯುತ್ತಿರುವುದು. ಕೈಯಲ್ಲಿ ಫೋನಿರುವಾಗ ಇದೇನು ಅಂಚೆ ಎಂದು ನೀನು ನಗಬಹುದು. ಫೋನ್ ಮಾಡಿದರೆ ನನ್ನ ಮೊದಲ ಅಕ್ಷರ ಹೊರಡುವ ಮುಂಚೆ ನಿನ್ನ ಮಾತೆಲ್ಲ ಮುಗಿದಿರುತ್ತದೆ. ಮೆಸೇಜಿನಲ್ಲೂ ಅಷ್ಟೇ, ನಾನು ಟೈಪ್ ಮಾಡುತ್ತಿರುವಾಗಲೇ ನಿನ್ನ ಉತ್ತರ ಬಂದು ಬೀಳುತ್ತದೆ. ಕಾಗದವಾದರೆ ನೀನು ಕೊನೆಯವರೆಗೆ ಓದಲೇಬೇಕು. ಬರೆಯುವಾಗ ನನಗೆ ತೊದಲಿಲ್ಲ ಎನ್ನುವುದೂ ನಿನಗೆ ಗೊತ್ತಿದೆ.

ನಿನ್ನ ಅಪ್ಪ ಹೇಗಿದ್ದಾರೆ? ನೀನು ಮಧುರೆಗೆ ಹೋದ ವಾರದಲ್ಲೇ ಅವರಿಗೆ ಪಾರ್ಶ್ವವಾಯು ಬಡಿಯಿತಂತೆ. ಆ ಸುದ್ದಿಯೂ ನನಗೆ ಬೇರೆಯವರಿಂದ ಬಂತು.

ನಮ್ಮ ‘ಸೆವಿ’ ಮಾರುಕಟ್ಟೆಗೆ ಬಂದಿದೆ. ‘ನಮ್ಮ’ ಎಂದು ಬರೆದುಬಿಟ್ಟೆ; ಹೊಡೆದು ಹಾಕುವುದಿಲ್ಲ. ಕಾಲೇಜು ಮುಗಿದ ಮೇಲೆ ನಾವಿಬ್ಬರೂ ಇದೇ ಶೆಡ್ಡಿನಲ್ಲಿ ಎರಡು ವರ್ಷ ಕೂತು ಮಾಡಿದ ಅಂಗೈಯಗಲದ ಪೆಟ್ಟಿಗೆ ಈಗ ಪೀಳಮೇಡಿನ ಗಿರಣಿಗಳಲ್ಲಿ ಮೋಟಾರಿನ ಬೆನ್ನಿಗೆ ಅಂಟಿಕೊಂಡು, ‘ಕಿವಿ’ ಎಂಬ ಹೆಸರಿಗೆ ತಕ್ಕಂತೆ ಅದರ ಸದ್ದು ಕೇಳುತ್ತಿದೆ. ಸದ್ದು ಬದಲಾದರೆ, ಮೋಟಾರು ಸುಡುವ ಮುಂಚೆಯೇ ಮಾಲೀಕನ ಫೋನಿಗೆ ಸುದ್ದಿ ಕಳಿಸುತ್ತದೆ. ಸದ್ಯಕ್ಕೆ ಪರೀಕ್ಷೆಗೆಂದು ಇಟ್ಟುಕೊಂಡವರು ಇಬ್ಬರೇ. ಪೆಟ್ಟಿಗೆ ಕೆಲಸ ಮಾಡುತ್ತಿದೆ. ಅದರ ವಿಷಯ ನಾಲ್ಕು ಜನಕ್ಕೆ ಹೇಳುವವರಿಲ್ಲ. ಹೇಳುವವಳು ನೀನಾಗಿದ್ದೆ.

ಅದಕ್ಕೇ ‘ವಿಡಿಯಲ್’ ಎಂಬ ಕೂಟಕ್ಕೆ ಸೇರಲು ಹೋದೆ. ವ್ಯಾಪಾರಸ್ಥರ ಕೂಟ, ಪ್ರತಿ ಬುಧವಾರ ಬೆಳಿಗ್ಗೆ ಏಳಕ್ಕೆ ಅವಿನಾಶಿ ರಸ್ತೆಯ ಹೋಟೆಲಿನ ಮಹಡಿಯಲ್ಲಿ ಇಡ್ಲಿ, ವಡೆ, ಪೊಂಗಲ್ ಮಧ್ಯೆ ಸೇರುತ್ತಾರೆ. ಒಂದು ಕಸುಬಿಗೆ ಒಂದೇ ಕುರ್ಚಿ. ಪೇಂಟಿನವರು ಒಬ್ಬರು, ವಿಮೆಯವರು ಒಬ್ಬರು, ಬೋರ್ಡು ಬರೆಯುವವರು ಒಬ್ಬರು. ಒಬ್ಬರಿಗೊಬ್ಬರು ಗಿರಾಕಿ ಹುಡುಕಿಕೊಡಬೇಕು. ಈ ಊರಿನಲ್ಲಿ ಗಿರಣಿ ಮಾಲೀಕರ ಬಾಗಿಲು ತೆರೆಯುವುದು ಹೀಗೆ ಪರಿಚಯದವರ ಕೈಯಿಂದಲೇ. ಪ್ರತಿಯೊಬ್ಬರೂ ಎದ್ದು ನಿಂತು ಒಂದು ನಿಮಿಷ ತಮ್ಮ ಕೆಲಸದ ಬಗ್ಗೆ ಹೇಳಬೇಕು. ನಿಮಿಷ ಮುಗಿದರೆ ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ವೆಟ್ ಗ್ರೈಂಡರ್ ತಯಾರಿಸುವ ಮೈಲ್ಸಾಮಿ ಎಂಬ ಹಿರಿಯರು ಅಧ್ಯಕ್ಷರು. ಗಂಟೆ ಮನೆಯ ದೇವರ ಕೋಣೆಯಿಂದ ತಂದದ್ದಿರಬೇಕು.

“ನಿನ್ ಹೆಸರು ಹೇಳು ಅಮ್ಮಿಣಿ,” ಎಂದರು, ಮಗಳನ್ನು ಕರೆಯುವ ಹಾಗೆ.

“ತೇ… ತೇ… ತೇ…”

ಪಕ್ಕದ ಬೋರ್ಡಿನವರು ಎದ್ದು, “ತೇನೀರಾ? ಟೀ ಅಲ್ಲಿದೆ ನೋಡಮ್ಮ, ಬಿಸಿ ಇದೆ, ಕುಡ್ಕೊಂಡು ಬಂದು ನಿಧಾನಕ್ಕೆ ಹೇಳು,” ಎಂದರು. ಗೇಲಿಗಲ್ಲ, ಪಾಪ, ಅಕ್ಕರೆಯಿಂದಲೇ. ಎಲ್ಲರೂ ನಕ್ಕರು. ಗಂಟೆ ಹೊಡೆಯಿತು. ಹೆಸರೇ ಜೇನಿನಂಥ ಮಾತು ಎಂದು ಇಟ್ಟುಕೊಂಡವಳು ನಾನು. ಹೋಗಿ ಟೀ ಕುಡಿದೆ. ಚೆನ್ನಾಗಿತ್ತು.

ಒಂದು ಉಪಕಾರ ಮಾಡು. ಒಂದು ನಿಮಿಷಕ್ಕೆ ಆಗುವಷ್ಟು ಮಾತು ಬರೆದು ಕಳಿಸು. ನನ್ನ ಬಾಯಿಗೆ ಕಷ್ಟವಾಗುವ ಅಕ್ಷರಗಳು ಯಾವುವೆಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಇತಿ,
ತೇನ್ಮೊಳಿ

*

ಮಧುರೆ
28 ಜೂನ್ 2023

ತೇನೂ,

ಕಾಗದ ಬಂತು. ಅಂಚೆಯವನು “ಏನಕ್ಕಾ, ಕೋರ್ಟ್ ನೋಟಿಸಾ?” ಎಂದು ಕೇಳಿದ. ಈ ಬೀದಿಗೆ ಈಗ ಬೇರೆ ಯಾವ ಕಾಗದವೂ ಬರುವುದಿಲ್ಲವಂತೆ.

ಅಪ್ಪ ಇದ್ದಾರೆ. ಬಲಗೈ ಏಳುವುದಿಲ್ಲ, ಬಲಗಾಲು ಎಳೆಯುತ್ತದೆ. ಅದಕ್ಕಿಂತ ಹೆಚ್ಚಾಗಿ ಮಾತು ಹೋಗಿದೆ. ಮಾಟ್ಟುತ್ತಾವಣಿಯ ಹೂವಿನ ಮಂಡಿಯಲ್ಲಿ ಅಪ್ಪ ಮಲ್ಲಿಗೆ ಹರಾಜು ಕೂಗುವುದನ್ನು ನೀನೂ ಒಮ್ಮೆ ಕೇಳಿದ್ದೀಯ. ಸಂಗರಪಾಂಡಿ ಕೂಗಿದರೆ ಮಲಗಿದ ಬಸ್ಸೂ ಎದ್ದು ಹೊರಡುತ್ತದೆ ಎನ್ನುತ್ತಿದ್ದರು. ಈಗ ಆ ಬಾಯಲ್ಲಿ ಉಳಿದಿರುವುದು ಒಂದೇ ಮಾತು: “ಹೋಯ್ತು.” ನೀರು ಬೇಕಾದರೂ ಹೋಯ್ತು, ಫ್ಯಾನ್ ಹಾಕಬೇಕಾದರೂ ಹೋಯ್ತು. ಮಂಡಿಯಲ್ಲಿ ಅವರ ಜಾಗದಲ್ಲಿ ನಾನು ನಿಂತು ಕೂಗುತ್ತಿದ್ದೇನೆ. ಮೊದಲ ವಾರ ಗಂಡಸರು ನಕ್ಕರು. ಈಗ ನಗುವುದಿಲ್ಲ. ನನ್ನ ಬಾಯಿ ಎಂಥದ್ದೆಂದು ಅವರಿಗೂ ತಿಳಿಯಿತು.

ಬರೆದು ಕಳಿಸುವುದೇನು ಬಂತು? ನಾನೇ ಮಾತಾಡಿ ಧ್ವನಿ ಮುದ್ರಿಸಿ ನಿನ್ನ ಫೋನಿಗೆ ಹಾಕಿದ್ದೇನೆ. ಸರಿಯಾಗಿ ಒಂದು ನಿಮಿಷ, ನಡುವೆ ಒಂದು ತಮಾಷೆಯೂ ಇದೆ. ಸ್ಪೀಕರಿಗೆ ಹಾಕು, ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ನಗುತ್ತ ನಿಂತುಕೋ. ಆ ಕಂದು ಸೀರೆ ಉಡಬೇಡ, ಕಾಯಿಲೆಯವಳ ಹಾಗೆ ಕಾಣುತ್ತೀಯ.

ಬೇರೆ ವಿಷಯ ಯಾವುದೂ ಈಗ ಬೇಡ.

ಸುಡರ್‌ವಿಳಿ

*

ಕೊಯಮತ್ತೂರು
20 ಜುಲೈ 2023

ಸುಡರ್,

ನಿನ್ನ ಧ್ವನಿ ಕೂಟದಲ್ಲಿ ಚಪ್ಪಾಳೆ ಹೊಡೆಸಿಕೊಂಡಿತು. ನಾನು ಹಸಿರು ಸೀರೆ ಉಟ್ಟು ನಗುತ್ತ ನಿಂತಿದ್ದೆ. ತಮಾಷೆ ಬಂದಾಗ ವಿಮೆಯವರಿಗೆ ಪೊಂಗಲ್ ನೆತ್ತಿಗೇರಿತು. ಸಭೆ ಮುಗಿದ ಮೇಲೆ ಕೈತುಂಬ ವಿಸಿಟಿಂಗ್ ಕಾರ್ಡು. ಮುಂದಿನ ವಾರವೂ ಅದನ್ನೇ ಹಾಕಿದೆ, ಮತ್ತಷ್ಟು ಕಾರ್ಡು.

ಅದರಲ್ಲಿ ಒಬ್ಬರು ನೂಲಿನ ಗಿರಣಿಯವರು, ಬಾ ಎಂದು ಕರೆದರು. ಹೋದೆ. ಮೋಟಾರಿನ ಮುಂದೆ ಕೂತು ಪೆಟ್ಟಿಗೆ ಜೋಡಿಸಿ ವಿವರಿಸತೊಡಗಿದೆ. ‘ಬೇರಿಂಗ್’ ಎಂಬಲ್ಲಿ ಸಿಕ್ಕಿಕೊಂಡೆ. ಅವರು ಬಾಗಿಲ ಕಡೆ ನೋಡಿದರು, ಗಡಿಯಾರ ನೋಡಿದರು. ಕೊನೆಗೆ ಬಹಳ ಮರ್ಯಾದೆಯಿಂದ, “ಆ ಮಾತಾಡೋ ಹುಡುಗಿ ಬರ್ಲಿಲ್ವಾ? ಅವ್ಳನ್ನ ಕಳ್ಸಿಕೊಡಮ್ಮ, ಬೇಗ ಮುಗಿಯುತ್ತೆ,” ಎಂದರು. ಪೆಟ್ಟಿಗೆ ಕಳಚಿಕೊಂಡು ಬಸ್ಸು ಹತ್ತಿದೆ.

ನಿನ್ನೆ ಬುಧವಾರ ಧ್ವನಿ ಹಾಕಲಿಲ್ಲ. ನಾನೇ ನಿಂತೆ. ಒಂದು ನಿಮಿಷದಲ್ಲಿ ಹೊರಬಂದದ್ದು ‘ಮೋಟಾರ್’ ಎಂಬ ಒಂದೇ ಪದ. ಹಿಂದಿನಿಂದ ಯಾರೋ ನೆರವಿಗೆ ಬಂದು “ಮೋಟಾರ್ ರಿಪೇರಿ!” ಎಂದು ಪೂರ್ತಿ ಮಾಡಿಕೊಟ್ಟರು. ಈಗ ನನ್ನ ಶೆಡ್ಡಿನ ಮುಂದೆ ಸುಟ್ಟ ಮೋಟಾರುಗಳು ಬಂದು ಕೂತಿವೆ, ತಂತಿ ಸುತ್ತಿಕೊಡು ಎಂದು. ಎರಡನ್ನು ಸುತ್ತಿಯೂ ಕೊಟ್ಟೆ. ಬಂದವರನ್ನು ಹಾಗೇ ಕಳಿಸಲು ಮನಸ್ಸು ಬರಲಿಲ್ಲ.

ನೀನು ಮಾಡಿಕೊಟ್ಟದ್ದು ಕೆಟ್ಟದ್ದಲ್ಲ. ಆದರೆ ಆ ನಿಮಿಷ ಮುಗಿದ ಮೇಲೆ ಅವರ ಮುಂದೆ ಉಳಿಯುವವಳು ನಾನು. ಇನ್ನು ಹಾಕುವುದಿಲ್ಲ.

ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ತೇನ್ಮೊಳಿ

*

ಮಧುರೆ
9 ಆಗಸ್ಟ್ 2023

ತೇನೂ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಉತ್ತರ ಬರೆಯಬಾರದು ಎಂದುಕೊಂಡೆ. ಆಮೇಲೆ ಇಲ್ಲೊಂದು ಸಂಗತಿ ನಡೆಯಿತು.

ಆಸ್ಪತ್ರೆಯಿಂದ ಜೆಸಿಂತಾ ಎಂಬಾಕೆ ಅಪ್ಪನಿಗೆ ಮಾತು ಕಲಿಸಲು ಬರುತ್ತಾಳೆ. ಕುಳ್ಳಿ, ನನಗಿಂತ ಚಿಕ್ಕವಳು, ಬಹಳ ಜೋರು. ಕಳೆದ ಮಂಗಳವಾರ ಊಟದ ಹೊತ್ತು ಅಪ್ಪ ಎಡಗೈ ಎತ್ತಿ ಕಿಟಕಿ ಕಡೆ ತೋರಿಸಿ “ಹೋಯ್ತು, ಹೋಯ್ತು” ಎಂದರು. ನಾನು ಶುರುಮಾಡಿದೆ. “ಕಿಟಕಿ ಹಾಕ್ಲಾ? ತೆಗೀಲಾ? ಬಿಸಿಲಾ? ಬೆಕ್ಕು ಬಂತಾ? ಮಾಮ ಬಂದ್ರಾ? ಉಪ್ಪು ಜಾಸ್ತಿ ಆಯ್ತಾ?” ಅಪ್ಪ ತಟ್ಟೆ ಎತ್ತಿ ಗೋಡೆಗೆ ಎಸೆದರು. ಜೀವನದಲ್ಲಿ ಅನ್ನ ಚೆಲ್ಲಿದ ಮನುಷ್ಯನಲ್ಲ ಅವರು.

ಜೆಸಿಂತಾ ಬಂದು ನೋಡಿದಳು. ನನ್ನನ್ನೇ ಬೈದಳು. “ಅವ್ರ ಬಾಯಲ್ಲಿ ಬರ್ತಾ ಇರೋ ಮಾತನ್ನ ನೀವು ಯಾಕ್ರೀ ಕಿತ್ಕೋತೀರ? ನೀವು ಆಡಿಬಿಟ್ರೆ ಅವ್ರು ಯಾವಾಗ ಆಡ್ಬೇಕು? ಕೈ ಮೇಲೆ ಕೂತ್ಕೊಳಿ!” ನಿಜವಾಗಿಯೂ, ನನ್ನ ಎರಡೂ ಕೈ ತೊಡೆಯ ಕೆಳಗೆ ಇಟ್ಟು ಕೂರಿಸಿದಳು. ಬಾಯಿ ತೆರೆದರೆ ಕಣ್ಣು ಬಿಡುತ್ತಿದ್ದಳು. ನಾವು ಮೂವರೂ ಹಾಗೇ ಕೂತೆವು. ಒಲೆಯ ಮೇಲೆ ಮತ್ತೆ ಇಟ್ಟ ಅಕ್ಕಿ ಬೆಂದು ಅನ್ನವಾಯಿತು. ಅಪ್ಪನ ಕುತ್ತಿಗೆಯ ನರ ಉಬ್ಬಿತು, ಹಣೆ ಬೆವರಿತು. ಕೊನೆಗೆ, “ಮ… ಮಲ್ಲಿ.”

ಕಿಟಕಿಯಾಚೆ ಕುಂಡದಲ್ಲಿ ಅಮ್ಮ ನೆಟ್ಟ ಮಲ್ಲಿಗೆ ಬಳ್ಳಿ ನೀರಿಲ್ಲದೆ ಬಾಡಿತ್ತು. ಅಷ್ಟೇ ವಿಷಯ.

ಕಾಯುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಮಂಡಿಯಲ್ಲಿ ಕಾದರೆ ಹೂವು ಬಾಡುತ್ತದೆ. ನಾನು ಬೆಳೆದದ್ದೇ ಹಾಗೆ.

ಒಂದು ಕೇಳುತ್ತೇನೆ. ಫೆಬ್ರವರಿಯಲ್ಲಿ ಸೆವಿಯನ್ನು ಬಿಡುಗಡೆ ಮಾಡಿದ ದಿನ ನೀನು ವೇದಿಕೆಯ ಮೇಲೆ ತಡವರಿಸಿ ನಿಂತೆ. ಜನ ಕುರ್ಚಿಯಲ್ಲಿ ಮಿಸುಕಾಡುತ್ತಿದ್ದರು. ನಾನು ಮೈಕ್ ತೆಗೆದುಕೊಂಡು ಮುಗಿಸಿದೆ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನೀನು ಮಾತ್ರ ಅವತ್ತಿನಿಂದ ನನ್ನ ಮುಖ ನೋಡಲಿಲ್ಲ. ವಾರವಿಡೀ ಶೆಡ್ಡಿನಲ್ಲಿ ಒಂದು ಮಾತಿಲ್ಲ. ನಾನು ಗಂಟುಮೂಟೆ ಕಟ್ಟಿದೆ, ನೀನು ತಡೆಯಲಿಲ್ಲ. ಯಾಕೆ?

ಕಾಗದವಲ್ಲವೆ, ಕೊನೆಯವರೆಗೆ ಓದುತ್ತೇನೆ.

ಸುಡರ್

*

ಕೊಯಮತ್ತೂರು
7 ಸೆಪ್ಟೆಂಬರ್ 2023

ಸುಡರ್,

ಮೊದಲು ಇಲ್ಲಿಯ ಸಮಾಚಾರ ಹೇಳಿಬಿಡುತ್ತೇನೆ.

ಕೂಟದಲ್ಲಿ ನನ್ನ ಕುರ್ಚಿಗೆ ಇನ್ನೊಬ್ಬರು ಬಂದಿದ್ದಾರೆ. ಚೆನ್ನೈಯ ದೊಡ್ಡ ಕಂಪನಿಯ ನಿರಂಜನ್. ಅವರದೂ ಮೋಟಾರಿನ ಮೇಲೆ ಕಣ್ಣಿಡುವ ಪೆಟ್ಟಿಗೆ. ಸದ್ದಿನ ಬದಲು ಶಾಖ ಅಳೆಯುತ್ತದೆ. ಒಳ್ಳೆಯ ಮಾತುಗಾರ, ನಗುವೂ ಚೆನ್ನಾಗಿದೆ. ಕೆಟ್ಟವನೆಂದು ಬರೆಯಬೇಕೆನಿಸಿತು, ಆದರೆ ಎದುರು ಕೂತು ನನ್ನ ತಟ್ಟೆಗೆ ತಾನೇ ಚಟ್ನಿ ಬಡಿಸಿದ. ಒಂದು ಕಸುಬಿಗೆ ಒಂದೇ ಕುರ್ಚಿಯಲ್ಲವೆ, ಹಾಗಾಗಿ ಅಕ್ಟೋಬರ್ 18ರ ಬುಧವಾರ ಇಬ್ಬರೂ ಹತ್ತು ನಿಮಿಷ ಮಾತಾಡಬೇಕು. ಆಮೇಲೆ ಸದಸ್ಯರು ಕೈ ಎತ್ತುತ್ತಾರೆ.

ಮೈಲ್ಸಾಮಿಯವರು ನನ್ನನ್ನು ಪಕ್ಕಕ್ಕೆ ಕರೆದರು. “ಆ ರೆಕಾರ್ಡಲ್ಲಿ ಮಾತಾಡಿದ್ದು ನಿನ್ ಸ್ನೇಹಿತೆನಾ ಅಮ್ಮಿಣಿ? ಅವ್ಳನ್ನ ಕರ್ಕೊಂಡ್ ಬಾ. ಅವ್ಳು ಮಾತಾಡ್ಲಿ, ನೀನು ಪಕ್ಕದಲ್ಲಿ ಪೆಟ್ಟಿಗೆ ತೋರ್ಸು. ನಿನ್ ಒಳ್ಳೇದಕ್ಕೇ ಹೇಳ್ತಿದೀನಿ ಕಂದ, ತಪ್ಪು ತಿಳ್ಕೋಬೇಡ.” ತಪ್ಪು ತಿಳಿಯಲಿಲ್ಲ. ಅವರು ಹೇಳಿದ್ದು ಸರಿಯೇ ಇರಬಹುದು. ಕುರ್ಚಿ ಹೋದರೆ ಈ ಊರಿನಲ್ಲಿ ನನಗೆ ಬೇರೆ ಬಾಗಿಲಿಲ್ಲ. ಹೊಸ ವರ್ಷಕ್ಕೆ ಪಂಪಿನ ಕಾರ್ಖಾನೆಯ ನಕಾಶೆ ವಿಭಾಗಕ್ಕೆ ಕೆಲಸಕ್ಕೆ ಸೇರುತ್ತೇನೆ. ಅವರು ಕೇಳಿಯೂ ಇದ್ದಾರೆ.

ಇನ್ನು ನೀನು ಕೇಳಿದ್ದು.

ಅವತ್ತು ವೇದಿಕೆಯಲ್ಲಿ ನಾನು “ಸು… ಸು…” ಎನ್ನುತ್ತಿದ್ದೆ. ನೀನು ಮೈಕ್ ತೆಗೆದುಕೊಂಡು, “ಸುಲಭ! ಸೆವಿಯನ್ನ ಬಳಸೋದು ತುಂಬಾ ಸುಲಭ!” ಎಂದು ಮುಂದುವರಿಸಿದೆ. ಒಳ್ಳೆಯ ಭಾಷಣ. ನಾನು ಹೇಳಹೊರಟದ್ದು ಸುಲಭ ಎಂದಲ್ಲ. ‘ಸುಡರ್‌ವಿಳಿ ಇಲ್ಲದಿದ್ದರೆ ಇದು ಇರುತ್ತಿರಲಿಲ್ಲ.’ ಅಷ್ಟೇ ವಾಕ್ಯ. ಕನ್ನಡಿಯ ಮುಂದೆ ನಿಂತು ಎಷ್ಟೋ ದಿನ ಅಭ್ಯಾಸ ಮಾಡಿದ್ದೆ. ನಿನ್ನ ಹೆಸರು ನನ್ನ ಬಾಯಿಗೆ ಬಹಳ ಕಷ್ಟ. ಅದಕ್ಕೇ ನಾವಿಬ್ಬರೇ ಇದ್ದಾಗ ‘ಲೇ’ ಎಂದು ಕರೆಯುತ್ತಿದ್ದೆ, ನಿನಗೆ ಅದು ಸಲುಗೆ ಎನಿಸುತ್ತಿತ್ತು.

ಬಾ ಎಂದು ಕೇಳುತ್ತಿಲ್ಲ. ಬರಬೇಡ ಎಂದೂ ಹೇಳುತ್ತಿಲ್ಲ.

ತೇನ್ಮೊಳಿ

*

ಮಧುರೆ
11 ಅಕ್ಟೋಬರ್ 2023

ತೇನೂ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಮಾತು ಬರಲಿಲ್ಲ. ನನಗೆ!

ಬರುತ್ತೇನೆ. ಮಂಡಿಯನ್ನು ಚಿಕ್ಕಪ್ಪನಿಗೆ ಒಪ್ಪಿಸಿದ್ದೇನೆ. ಮಾತಾಡು ಎಂದರೆ ಮಾತಾಡುತ್ತೇನೆ, ಸುಮ್ಮನಿರು ಎಂದರೆ ಸುಮ್ಮನಿರುತ್ತೇನೆ. ಎರಡನೆಯದಕ್ಕೆ ಜಾಮೀನು ಕೊಡಲಾರೆ, ಪ್ರಯತ್ನ ಮಾಡುತ್ತೇನೆ.

ಅಪ್ಪ ಈಗ ‘ಕಾಫಿ’ ಎನ್ನುತ್ತಾರೆ. ಕಾಫಿ ಬೇಡವಾದಾಗಲೂ ಕಾಫಿ ಎನ್ನುತ್ತಾರೆ. ಪರವಾಗಿಲ್ಲ.

ಸುಡರ್

*

ಕೊಯಮತ್ತೂರು
22 ಅಕ್ಟೋಬರ್ 2023

ಸುಡರ್,

ನೀನು ನನ್ನನ್ನು ಮಾತಾಡಿಸದೆಯೇ ಹೋಗಿಬಿಟ್ಟೆ. ಹಿಂದಿನ ಸಾಲಿನಲ್ಲಿ ನಿನ್ನನ್ನು ಕಂಡಿದ್ದೆ. ಮೈಲ್ಸಾಮಿಯವರು “ಮುಂದೆ ಬಾಮ್ಮ, ಇಲ್ಲಿ ಬಾ” ಎಂದು ಕೈಬೀಸಿದರು. ನೀನು ನನ್ನ ಕಡೆ ನೋಡಿದೆ. ನಾನು ತಲೆಯಾಡಿಸಿದೆ, ಬೇಡ ಎಂದು. ನೀನು ಕೂತುಕೊಂಡೆ. ಕೈಗಳು ತೊಡೆಯ ಕೆಳಗಿದ್ದವು. ಅಷ್ಟು ದೂರದಿಂದಲೂ ಕಾಣಿಸಿತು.

ನಿರಂಜನ್ ಚೆನ್ನಾಗಿ ಮಾತಾಡಿದ. ಗಂಟೆ ಹೊಡೆಯುವ ಮುಂಚೆಯೇ ಮುಗಿಸಿದ.

ಆಮೇಲೆ ನಾನು. “ನಂಗೆ ತೊದಲು ಇದೆ. ನಿಧಾನ ಆಗುತ್ತೆ.” ಇಷ್ಟನ್ನು ಹೇಳುವಷ್ಟರಲ್ಲೇ ಬಹಳ ಹೊತ್ತು ಹೋಯಿತು. ಅದನ್ನು ನಾನು ಹಿಂದೆಂದೂ ಯಾರೆದುರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಕೇಳಿಸುತ್ತಿರುವಾಗ ಹೇಳುವುದೇನಿದೆ ಎಂದುಕೊಳ್ಳುತ್ತಿದ್ದೆ. ಹೇಳಿದ ಮೇಲೆ ಕುತ್ತಿಗೆ ಸ್ವಲ್ಪ ಸಡಿಲಾಯಿತು.

ಸಿಕ್ಕಿಕೊಂಡಾಗ ಒಳಗೆ ಹೇಗಿರುತ್ತದೆಂದು ನಿನಗೆ ಯಾವತ್ತೂ ಹೇಳಿಲ್ಲ. ಮಾತು ಮರೆತಿರುವುದಿಲ್ಲ. ಹೊಸಿಲಿನ ಮೇಲೆ ಬಂದು ನಿಂತಿರುತ್ತದೆ, ಪೂರ್ತಿ, ಮೈಕೈ ಸಮೇತ. ಬಾಗಿಲು ಮಾತ್ರ ತೆರೆಯುವುದಿಲ್ಲ. ಆಗ ಹೊರಗಿನಿಂದ ಯಾರಾದರೂ ಬೇರೊಂದು ಮಾತನ್ನು ತಂದು ‘ಇದೇ ತಾನೇ?’ ಎಂದರೆ ನಾನು ಹೌದೆಂದು ತಲೆಯಾಡಿಸಿಬಿಡುತ್ತಿದ್ದೆ. ಆ ಹೊತ್ತಿಗೆ ಅಷ್ಟು ದಣಿದಿರುತ್ತೇನೆ. ಹೀಗೆ ತಲೆಯಾಡಿಸಿದ ಎಷ್ಟೋ ಮಾತುಗಳು ನನ್ನವಲ್ಲ.

ಜನ ಹಿಂದೆ ತಿರುಗಿ ನಿನ್ನನ್ನು ನೋಡತೊಡಗಿದರು. ಬೋರ್ಡಿನವರು ನಿನ್ನ ಕಿವಿಯಲ್ಲಿ ಏನೋ ಅಂದರು. ನೀನು ಏಳಲಿಲ್ಲ. ಗಂಟೆ ಹೊಡೆಯಿತು. ನಾನಿನ್ನೂ ಅರ್ಧಕ್ಕೂ ಬಂದಿರಲಿಲ್ಲ. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮೈಲ್ಸಾಮಿಯವರು ಇನ್ನೊಮ್ಮೆ ಗಂಟೆ ಎತ್ತಿದರು, ಬಾರಿಸದೆ ಕೆಳಗಿಟ್ಟರು. ಕೆಲವರು ಎದ್ದು ಹೋದರು. ಅವರನ್ನು ದೂರುವಂತಿಲ್ಲ, ಅಂಗಡಿ ತೆಗೆಯುವ ಹೊತ್ತು. ಕೆಲವರು ಉಳಿದರು. ಸದ್ದು ಹೇಗೆ ಬದಲಾಗುತ್ತದೆ, ಬೇರಿಂಗ್ ಸವೆಯುವಾಗ ಮೋಟಾರು ಏನನ್ನುತ್ತದೆ, ಸೆವಿ ಅದನ್ನು ಹೇಗೆ ಕೇಳುತ್ತದೆ, ಎಲ್ಲ ಹೇಳಿದೆ. ಕೊನೆಗೆ ಆ ವಾಕ್ಯವನ್ನೂ ಹೇಳಿದೆ. ನಿನ್ನ ಹೆಸರಿನ ಮೇಲೆ ನಿಂತೆ, ದಾಟಿದೆ, ಪೂರ್ತಿ ಹೇಳಿ ತಲೆ ಎತ್ತಿದೆ. ನಿನ್ನ ಕುರ್ಚಿ ಖಾಲಿಯಿತ್ತು.

ಸದಸ್ಯರು ಕೈ ಎತ್ತುವ ಮುಂಚೆಯೇ ನಾನು ಹೊರಟುಬಿಟ್ಟಿದ್ದೆ. ಮರುದಿನ ಮೈಲ್ಸಾಮಿಯವರೇ ಶೆಡ್ಡಿಗೆ ಬಂದರು. “ಮನಸ್ಸಿಗೆ ಹಚ್ಕೋಬೇಡ ಅಮ್ಮಿಣಿ. ಕುರ್ಚಿ ಆ ಹುಡುಗನಿಗೆ ಹೋಯ್ತು. ನಾನೂ ಅವನಿಗೇ ಕೈ ಎತ್ತಿದೆ, ಸುಳ್ಳು ಹೇಳಲ್ಲ. ವಾರ ವಾರ ಅಷ್ಟೊತ್ತು ಕೂರೋಕೆ ನಮ್ಮ ಕೈಲಾಗಲ್ಲ,” ಎಂದರು. ಟೀ ಕುಡಿದು ಹೋದರು.

ನಾನು ಅತ್ತುಬಿಟ್ಟೆ. ಆದರೆ ವೇದಿಕೆಯಿಂದ ಇಳಿದು ಬಂದ ಬೇರೆ ದಿನಗಳ ಹಾಗೆ ಅಲ್ಲ.

ಒಂದು ಕೇಳಲೇಬೇಕು. ವಾಪಸ್ ಬರುತ್ತೀಯಾ? ಮಾತಾಡಲು ಎಂದಲ್ಲ. ಸುಮ್ಮನೆ, ನಮ್ಮ ಕಂಪನಿಗೆ.

ತೇನ್ಮೊಳಿ

*

ಮಧುರೆ
4 ನವೆಂಬರ್ 2023

ತೇನೂ,

ಕುರ್ಚಿ ಖಾಲಿಯಿತ್ತು, ಹೌದು. ನಾನು ಬಾಗಿಲಾಚೆ ಕೈತೊಳೆಯುವ ತೊಟ್ಟಿಯ ಹತ್ತಿರ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಒಳಗೆ ಇನ್ನೊಂದು ಕ್ಷಣ ಇದ್ದಿದ್ದರೆ ಎದ್ದು ಹೇಳಿಬಿಡುತ್ತಿದ್ದೆ. ಆ ಬೋರ್ಡಿನವನು “ಎದ್ದು ಹೇಳಮ್ಮ, ಪಾಪ ಅಲ್ವಾ ಅವ್ಳು” ಅಂದ. “ಪಾಪ ಅಲ್ಲ ರೀ, ಅವ್ಳು ಹೇಳ್ತಾ ಇದಾಳೆ, ಕೇಳಿ,” ಅಂದೆ. ಅಷ್ಟು ಆಡಿದ ಮೇಲೆ ನನ್ನ ಬಾಯಿಯ ಮೇಲೆ ನನಗೇ ನಂಬಿಕೆ ಹೋಯಿತು, ಹೊರಗೆ ಬಂದೆ.

ಬಾಗಿಲು ತೆರೆದೇ ಇತ್ತು. ನಲ್ಲಿ ನಿಲ್ಲಿಸಿದೆ. ಕೊನೆಯ ವಾಕ್ಯ ಕೇಳಿಸಿತು. ನನ್ನ ಹೆಸರನ್ನು ಇಷ್ಟು ಉದ್ದಕ್ಕೆ ಯಾರೂ ಹೇಳಿಲ್ಲ.

ಅತ್ತು ಅತ್ತು ಮುಖ ಊದಿಕೊಂಡಿತ್ತು. ಹಾಗೆ ನಿನ್ನೆದುರು ಬರಲು ಆಗಲಿಲ್ಲ. ಬಸ್ಸು ಹಿಡಿದೆ. ದಿಂಡಿಗಲ್‌ವರೆಗೆ ಪಕ್ಕದವಳು “ಯಾರು ಹೋದ್ರಮ್ಮ?” ಎಂದು ವಿಚಾರಿಸುತ್ತಲೇ ಇದ್ದಳು. ಯಾರೂ ಹೋಗಿಲ್ಲ ಎಂದರೆ ನಂಬಲಿಲ್ಲ.

ನೀನು ಕೇಳಿದ್ದಕ್ಕೆ: ಬರುವುದಿಲ್ಲ ಕಣೇ. ಸಿಟ್ಟಿನಿಂದ ಅಲ್ಲ. ಮಂಡಿಯಲ್ಲಿ ನನ್ನ ಬಾಯಿಗೆ ಕೆಲಸವಿದೆ, ಮನೆಯಲ್ಲಿ ಕಿವಿಗೆ. ಎರಡೂ ಒಟ್ಟಿಗೆ ಇರುವ ಜಾಗ ನನಗೆ ಸದ್ಯ ಇದೇ. ನಾನು ಬಂದರೆ ಮೂರೇ ತಿಂಗಳಲ್ಲಿ ಮತ್ತೆ ಮೈಕ್ ಹಿಡಿದಿರುತ್ತೇನೆ, ನೀನು ಮತ್ತೆ ತಲೆಯಾಡಿಸುತ್ತಿರುತ್ತೀಯ. ಇಬ್ಬರಿಗೂ ಅದು ಅಭ್ಯಾಸವಾಗಿಬಿಟ್ಟಿದೆ.

ಕುರ್ಚಿ ಹೋಯಿತು, ಸರಿ. ಅವತ್ತು ಕೊನೆವರೆಗೆ ಕೂತವರು ಯಾರು? ಅವರ ಹೆಸರಾದರೂ ಕೇಳಿಕೊಂಡೆಯಾ, ಇಲ್ಲ ಮುಖ ನೋಡದೆ ಅವರ ಅಂಗಿಯ ಗುಂಡಿ ನೋಡುತ್ತ ನಿಂತಿದ್ದೆಯಾ?

ಸುಡರ್

*

ಕೊಯಮತ್ತೂರು
17 ಡಿಸೆಂಬರ್ 2023

ಸುಡರ್,

ಗುಂಡಿ ನೋಡುತ್ತಲೇ ನಿಂತಿದ್ದೆ. ಹೆಸರು ಅವರೇ ಹೇಳಿದರು.

ಸಿಂಗಾನಲ್ಲೂರಿನಲ್ಲಿ ಎಣ್ಣೆ ಗಾಣ ಇಟ್ಟಿರುವ ಪೆರಿಯಾತ್ತಾ ಎಂಬಾಕೆ ಒಂದು ಶನಿವಾರ ಮಧ್ಯಾಹ್ನ ಬಂದಳು. “ಅವತ್ತು ಮೋಟಾರು ಏನೋ ಅನ್ನುತ್ತೆ ಅಂದ್ಯಲ್ಲ, ಅದೇ ಹೊತ್ತಿಗೆ ಯಾರೋ ಕುರ್ಚಿ ಎಳೆದ್ರು, ಕೇಳಿಸ್ಲಿಲ್ಲ. ಇನ್ನೊಂದ್ ಸಲ ಹೇಳು ಕಂದ,” ಎಂದಳು. ಹೇಳಿದೆ. ಹುರಿದ ಕಡಲೆಕಾಯಿ ತಂದಿದ್ದಳು, ಸಿಪ್ಪೆ ಬಿಡಿಸುತ್ತ ಕೂತಳು. ನಡುವೆ ತಲೆ ಎತ್ತಿ ನನ್ನ ಬಾಯಿ ನೋಡಲಿಲ್ಲ, ಅದರಿಂದ ಬಹಳ ಅನುಕೂಲವಾಯಿತು. ಮುಂದಿನ ಶನಿವಾರ ತನ್ನ ತಮ್ಮನನ್ನೂ ಪಕ್ಕದ ಹಿಟ್ಟಿನ ಗಿರಣಿಯವನನ್ನೂ ಕರೆತಂದಳು.

ಈಗ ಅದೊಂದು ಪದ್ಧತಿಯಾಗಿದೆ. ಶನಿವಾರ ಮಧ್ಯಾಹ್ನ ನಾಲ್ಕಾರು ಜನ ಬರುತ್ತಾರೆ. ಯಾರೂ ಎದ್ದು ನಿಲ್ಲುವುದಿಲ್ಲ. ಯಾರದಾದರೂ ಒಂದು ಮೋಟಾರನ್ನು ನಡುವೆ ಇಟ್ಟು ಓಡಿಸಿ ಎಲ್ಲರೂ ಕೇಳುತ್ತೇವೆ, ಸೆವಿಯೂ ಕೇಳುತ್ತದೆ. ಅವರವರ ಕಷ್ಟ ಅವರವರು ಹೇಳುತ್ತಾರೆ. ನನ್ನ ಸರದಿ ಬಂದಾಗ ಯಾರೋ ಮಜ್ಜಿಗೆ ಬಗ್ಗಿಸುತ್ತಿರುತ್ತಾರೆ, ಯಾರೋ ಎದ್ದು ಹೋಗಿ ಬರುತ್ತಾರೆ. ಒಮ್ಮೆ ಹಿಟ್ಟಿನ ಗಿರಣಿಯವನು ನನ್ನ ಮಾತು ಪೂರ್ತಿ ಮಾಡಲು ಹೋದ. ಪೆರಿಯಾತ್ತಾ “ನಿಂಗ್ಯಾಕೋ ಅವಸರ, ರೈಲು ತಪ್ಪುತ್ತಾ?” ಎಂದು ಗದರಿದಳು.

ಮೂರು ಪೆಟ್ಟಿಗೆ ಹೋಗಿವೆ. ನಿರಂಜನ್‌ನದು ಎಷ್ಟು ಹೋಗಿವೆಯೋ ನಾನು ಕೇಳಿಲ್ಲ. ಕಳೆದ ವಾರ ಮೈಲ್ಸಾಮಿಯವರು ಒಂದು ಗ್ರೈಂಡರ್ ಮೋಟಾರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಬಾಗಿಲಲ್ಲೇ ನಿಂತು, “ಒಳಗ್ ಬರ್ಬೋದಾ ಅಮ್ಮಿಣಿ?” ಎಂದರು.

ಇದರಿಂದ ಕಂಪನಿ ಉಳಿಯುತ್ತದೆಂದು ಹೇಳಲಾರೆ. ಪಂಪಿನ ಕಾರ್ಖಾನೆಯವರಿಗೆ ಹೊಸ ವರ್ಷಕ್ಕೆ ಬರುತ್ತೇನೆ ಎಂದಿದ್ದೆ. ಈಗ ಚಿತ್ತಿರೈ ತಿಂಗಳು ಕಳೆಯಲಿ, ಮೇಯಲ್ಲಿ ನೋಡೋಣ ಎಂದು ಬರೆದಿದ್ದೇನೆ.

ನೀನು ಬರುವುದಿಲ್ಲ ಎಂದದ್ದು ಸರಿ. ಓದಿದ ದಿನ ಹಾಗನಿಸಲಿಲ್ಲ.

ನಿನ್ನ,
ತೇನ್ಮೊಳಿ

*

ಮಧುರೆ
24 ಜನವರಿ 2024

ತೇನೂ,

ಪೊಂಗಲ್ ಗಲಾಟೆಯಲ್ಲಿ ಉತ್ತರ ತಡವಾಯಿತು. ಇಬ್ಬನಿಗೆ ಮಲ್ಲಿಗೆ ಕಡಿಮೆ, ಕೊಳ್ಳುವವರು ಹೆಚ್ಚು. ಗಂಟಲು ಕಟ್ಟಿದೆ. ಮೂರು ದಿನ ಪಿಸುಮಾತಿನಲ್ಲೇ ಹರಾಜು ನಡೆಸಿದೆ ಎಂದರೆ ನಂಬುತ್ತೀಯಾ? ಎಲ್ಲರೂ ತೆಪ್ಪಗೆ ಹತ್ತಿರ ಬಂದು ಕಿವಿಗೊಟ್ಟರು.

ನಿಲಕ್ಕೋಟೆಯಲ್ಲಿ ತವಮಣಿ ಅಕ್ಕ ಎಂಬುವರು ಇದ್ದಾರೆ. ಹೊರದೇಶಕ್ಕೆ ಹೋಗುವ ಹೂವನ್ನು ತಣ್ಣನೆಯ ಕೋಣೆಗಳಲ್ಲಿ ಇಡುತ್ತಾರೆ. ಕಳೆದ ಬೇಸಿಗೆಯಲ್ಲಿ ಒಂದು ಕೋಣೆಯ ಯಂತ್ರ ಸುಟ್ಟು, ಬೆಳಗಾಗುವಷ್ಟರಲ್ಲಿ ಹೂವೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಮೊನ್ನೆ ಮಂಡಿಗೆ ಬಂದಾಗ ಅದನ್ನೇ ಹೇಳಿಕೊಂಡು ಕೂತಿದ್ದರು. ನನ್ನ ನಾಲಗೆ ತುದಿಗೆ ಸೆವಿಯ ಪೂರ್ತಿ ಕಥೆ ಬಂತು, ತಮಾಷೆ ಸಮೇತ. ನುಂಗಿಕೊಂಡೆ. “ಕೊಯಮತ್ತೂರಲ್ಲಿ ನನ್ ಸ್ನೇಹಿತೆ ಒಬ್ಳಿದಾಳೆ. ಯಂತ್ರ ಸುಡೋ ಮುಂಚೆ ಗೊತ್ತಾಗೋ ಪೆಟ್ಟಿಗೆ ಮಾಡ್ತಾಳೆ,” ಎಂದೆ.

ಅಕ್ಕ ಕಾದರು. ನಾನು ಮುಂದೆ ಹೇಳಲಿಲ್ಲ.

“ಅಷ್ಟೇನಾ? ಹೇಗೆ, ಏನು, ಹೇಳೇ.”

“ಅದನ್ನ ಅವ್ಳೇ ಹೇಳ್ತಾಳೆ. ಮಾತು ನಿಧಾನ. ಒಂದು ಮಧ್ಯಾಹ್ನ ಪೂರ್ತಿ ಬಿಡುವು ಮಾಡ್ಕೋಬೇಕು ನೀವು.”

“ಮಧ್ಯಾಹ್ನ ಪೂರ್ತಿನಾ? ಅಷ್ಟೊಂದು ಏನ್ ಹೇಳ್ತಾಳಪ್ಪ!”

“ಬೇಡ ಅಂದ್ರೆ ಬಿಡಿ ಅಕ್ಕ.”

ನನ್ನ ಮುಖ ನೋಡಿದರು. ಸಂಗರಪಾಂಡಿಯ ಮಗಳು ಒಂದು ಮಾತು ಆಡಿ ಸುಮ್ಮನಾದಳೆಂದರೆ ಏನೋ ಇರಬೇಕು ಎಂದುಕೊಂಡರೋ ಏನೋ. “ಮುಂದಿನ ಶುಕ್ರವಾರ ಬರ್ಲಿ,” ಎಂದರು. ಹಾಗಾಗಿ ಫೆಬ್ರವರಿ 2ರ ಶುಕ್ರವಾರ ಬಾ. ನಿಲಕ್ಕೋಟೆಯವರೆಗೆ ನಾನೂ ಬರುತ್ತೇನೆ, ಬಾಗಿಲವರೆಗೆ. ಆಮೇಲೆ ನೀನುಂಟು, ಅವರುಂಟು. ನಾನು ಅಷ್ಟರಲ್ಲಿ ಹೂವಿನ ತೋಟ ಸುತ್ತಿ ಬರುತ್ತೇನೆ.

ರಾತ್ರಿ ನಮ್ಮಲ್ಲೇ ಉಳಿದುಕೋ. ಮೀನಿನ ಸಾರು ಮಾಡುತ್ತೇನೆ. ಅಪ್ಪ ಈಗ ಎರಡೆರಡು ಮಾತು ಜೋಡಿಸುತ್ತಾರೆ. ಜೋಡಿಸುವುದು ನಿಧಾನ, ಒಮ್ಮೊಮ್ಮೆ ಸಿಟ್ಟು ಬಂದು ಅರ್ಧಕ್ಕೇ ಬಿಡುತ್ತಾರೆ. ನೀನು ಬರುತ್ತೀಯ ಎಂದಾಗ ಬಹಳ ಹೊತ್ತು ಯೋಚಿಸಿ, “ಪಕ್ಕ… ಎಲೆ,” ಎಂದರು. ತಮ್ಮ ಪಕ್ಕದಲ್ಲಿ ನಿನ್ನ ಎಲೆ ಹಾಕಬೇಕಂತೆ. ಹಾಕುತ್ತೇನೆ. ನೀವಿಬ್ಬರೂ ಏನಾದರೂ ಮಾತು ಶುರುಮಾಡಿ. ಮುಗಿಯುವವರೆಗೂ ನಾನು ಬಡಿಸುತ್ತಲೇ ಇರುತ್ತೇನೆ.

ನಿನ್ನ,
ಸುಡರ್‌ವಿಳಿ